ಮೂರು ಸಲ ಪ್ಯಾಕಿಂಗ್ ಬದಲಿಸಿದರೂ ನಿಲ್ಲದ ಆಯಿಲ್ ಲೀಕ್

ಹಳೇ ಟಾಟಾ ಲಾರಿಗಳ 697 ಎಂಜಿನ್ ಗಟ್ಟಿ ಪಿಂಡ. ಆರು ಸಿಲಿಂಡರ್, 97 ಮಿ.ಮೀ. ಬೋರ್, 128 ಮಿ.ಮೀ. ಸ್ಟ್ರೋಕ್, 5675 ಸಿಸಿ. ಡೀಸೆಲ್, ಆಯಿಲ್, ನೀರು ಸರಿಯಾಗಿ ಕೊಟ್ಟರೆ ಬೇರೇನೂ ಕೇಳುವುದಿಲ್ಲ. ಆದರೆ ನಿಂತಲ್ಲೆಲ್ಲ ನೆಲಕ್ಕೆ ಕಪ್ಪು ಬೊಟ್ಟಿಡುವ ಚಾಳಿ ಮಾತ್ರ ಬಿಡಿಸುವುದು ಕಷ್ಟ. ಚೇಂಬರ್ (ಎಂಜಿನ್ ತಳದ ತಗಡಿನ ಆಯಿಲ್ ತೊಟ್ಟಿ) ಪ್ಯಾಕಿಂಗ್ ಹಾಕಿಸಿದ್ದಾಯಿತು, ಗೇರ್ ಬಾಕ್ಸ್ ಇಳಿಸಿ ಕ್ರ್ಯಾಂಕ್ ಶಾಫ್ಟಿನ ಹಿಂದಿನ ತುದಿಯ ಸೀಲ್ ಹಾಕಿಸಿದ್ದಾಯಿತು, ಎರಡು ತಿಂಗಳಿಗೆ ಮತ್ತೆ ಅದೇ ರಾಮಾಯಣ. 'ಸೀಲ್ ಹೋಗಿದೆ' ಎನ್ನುವುದು ಅರ್ಧ ಮಾತು. ಸೀಲನ್ನು ತಿಂದದ್ದು ಯಾವುದು ಎಂದು ನೋಡದೆ ಹೊಸದು ಹಾಕಿದರೆ ಅದೂ ಹೋಗುತ್ತದೆ.

ಮೊದಲು ಎಂಜಿನ್ ತೊಳೆಯಿರಿ. ಎಣ್ಣೆ, ದೂಳು ಸೇರಿ ಬೆರಳು ದಪ್ಪ ಕಟ್ಟಿರುವ ಜಿಡ್ಡಿನ ಮೇಲೆ ಲೀಕ್ ಹುಡುಕುವುದು ಕತ್ತಲಲ್ಲಿ ಸೂಜಿ ಹುಡುಕಿದಂತೆ. ಡೀಸೆಲ್ ಮತ್ತು ಬ್ರಶ್‌ನಿಂದ ಕೆರೆದು, ನೀರು ಹೊಡೆದು, ಪೂರ್ತಿ ಒಣಗಿಸಿ. ಅನುಮಾನವಿರುವ ಕಡೆಗೆಲ್ಲ ಟಾಲ್ಕಂ ಪೌಡರ್ ಉದುರಿಸಿ. ಕೈಗೆ ಸಿಕ್ಕಿತೆಂದು ರಂಗೋಲಿ ಪುಡಿ ಬಳಸಬೇಡಿ, ಅದು ಕಲ್ಲಿನ ಪುಡಿ, ಸೀಲ್ ಬಾಯಿಗೆ ಹೋದರೆ ಎಮರಿ ಪೇಪರ್ ಕೆಲಸ ಮಾಡುತ್ತದೆ. ಅರ್ಧ ಗಂಟೆ ಓಡಿಸಿ ಬಂದು ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡಿ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದೇ ಕಳ್ಳ, ಉಳಿದದ್ದೆಲ್ಲ ಅದರ ಹರಿವು. ಎಂಜಿನ್ ನೆತ್ತಿಯ ಟ್ಯಾಪೆಟ್ ಕವರ್‌ನ ಹಿಂದಿನ ಮೂಲೆಯಿಂದ ಜಿನುಗಿದ ಎಣ್ಣೆ ಬ್ಲಾಕ್ ಬೆನ್ನಿಗೆ ಅಂಟಿಕೊಂಡು ಇಳಿದು ಎಂಜಿನ್, ಗೇರ್ ಬಾಕ್ಸ್ ನಡುವಿನ ಬೆಲ್ ಹೌಸಿಂಗ್ ತಳದಲ್ಲಿ ತೊಟ್ಟಿಕ್ಕುತ್ತದೆ. ಅದನ್ನು ಕಂಡು ಗೇರ್ ಬಾಕ್ಸ್ ಇಳಿಸಿದವರು ಕಡಿಮೆಯೇನಿಲ್ಲ.

ಬೆಲ್ ಹೌಸಿಂಗ್ ತಳದ ತೂತಿನಿಂದಲೇ ಬರುತ್ತಿದ್ದರೆ ಬೆರಳಿಗೆ ಹಚ್ಚಿಕೊಂಡು ಮೂಸಿ. ಡೀಸೆಲ್ ಎಂಜಿನ್ನಿನ ಆಯಿಲ್ ಮಸಿಯಂತೆ ಕಪ್ಪು. ಗೇರ್ ಆಯಿಲ್ ಕಂದು ಬಣ್ಣ, ಅಂಟು ಜಾಸ್ತಿ, ಗಂಧಕದ ಘಾಟು ಮೂಗಿಗೆ ಹೊಡೆಯುತ್ತದೆ. ಘಾಟು ಬಂದರೆ ತಪ್ಪು ಗೇರ್ ಬಾಕ್ಸಿನ ಮುಂದಿನ ಸೀಲಿನದು, ಎಂಜಿನ್ ಮುಟ್ಟಬೇಕಿಲ್ಲ.

ಲೀಕ್ ಜಾಗ ಸಿಕ್ಕಿದ ಕೂಡಲೇ ಸ್ಪ್ಯಾನರ್ ಹಿಡಿಯಬೇಡಿ, ಬ್ಯಾಕ್ ಕಂಪ್ರೆಶನ್, ಅಂದರೆ ಚೇಂಬರಿನೊಳಗೆ ಕಟ್ಟಿಕೊಳ್ಳುವ ಗ್ಯಾಸಿನ ಒತ್ತಡ, ನೋಡಿ. ಮತ್ತೆ ಮತ್ತೆ ಬರುವ ಲೀಕಿನ ಬೇರು ಬಹಳ ಸಲ ಇಲ್ಲೇ ಇರುತ್ತದೆ. ಪಿಸ್ಟನ್ ರಿಂಗ್ ದಾಟಿ ಕೆಳಗಿಳಿದ ಗ್ಯಾಸ್ ಬ್ರೀದರ್ ಪೈಪಿನಲ್ಲಿ ಹೊರಗೆ ಹೋಗಬೇಕು. ದಾರಿ ಕಟ್ಟಿದರೆ ಚೇಂಬರಿನೊಳಗೆ ಒತ್ತಡ ಏರಿ, ಎಲ್ಲಿ ಸಡಿಲವಿದೆಯೋ ಅಲ್ಲಿಂದ ಎಣ್ಣೆಯನ್ನು ಹೊರಗೆ ದಬ್ಬುತ್ತದೆ. ಒಂದು ಸೀಲ್ ಬಿಗಿ ಮಾಡಿದರೆ ಇನ್ನೊಂದರಲ್ಲಿ ಹೊಡೆಯುತ್ತದೆ.

ಪರೀಕ್ಷೆಗೆ ದುಡ್ಡು ಬೇಡ. ಎರಡು ಮೀಟರ್ ಪಾರದರ್ಶಕ ಪೈಪನ್ನು 'ಯು' ಆಕಾರದಲ್ಲಿ ಹಲಗೆಗೆ ಕಟ್ಟಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಆಯಿಲ್ ಗೇಜ್ ಕಡ್ಡಿಯ ಕೊಳವೆಗೆ ಗಾಳಿ ಸೋರದಂತೆ ಸಿಕ್ಕಿಸಿ. ಇನ್ನೊಂದು ತುದಿ ತೆರೆದೇ ಇರಲಿ. ಎಂಜಿನ್ ಬಿಸಿಯಾದ ಮೇಲೆ ಆಕ್ಸಿಲರೇಟರ್ ಒತ್ತಿ ಹಿಡಿದು ಎರಡೂ ಕಡೆಯ ನೀರಿನ ಮಟ್ಟದ ವ್ಯತ್ಯಾಸ ನೋಡಿ. ಎರಡು ಬೆರಳಿನ ಅಗಲ ಮೀರಿದರೆ ಅನುಮಾನ ಪಡಿ. ಈಗ ಬ್ರೀದರ್ ಪೈಪನ್ನು ಬುಡದಲ್ಲೇ ಕಳಚಿ ಮತ್ತೆ ನೋಡಿ. ನೀರು ಇಳಿಯಿತೇ? ಪೈಪ್ ಕಟ್ಟಿದೆ: ಒಳಗಿನ ರಬ್ಬರ್ ಊದಿರಬಹುದು, ತುದಿಗೆ ಕೆಸರು ಮೆತ್ತಿರಬಹುದು, ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಕಣಜ ಮಣ್ಣಿನ ಗೂಡು ಕಟ್ಟಿರುವುದೂ ಉಂಟು. ಪೈಪ್ ಕಳಚಿದರೂ ಇಳಿಯದಿದ್ದರೆ ಬ್ರೀದರ್ ಒಳಗಿನ ಜಾಲರಿಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ ತೊಳೆದು ಹಾಕಿ. ಆಗಲೂ ಅಷ್ಟೇ ಇದ್ದರೆ ರಿಂಗ್, ಲೈನರ್ ಸವೆದಿರಬಹುದು.

ಹಾಗೆಂದು ಹಾಫ್ ಎಂಜಿನ್ ಕೆಲಸಕ್ಕೆ (ರಿಂಗ್, ಲೈನರ್ ಬದಲಿಸುವುದಕ್ಕೆ) ತಕ್ಷಣ ಒಪ್ಪಿಕೊಳ್ಳಬೇಡಿ. ಬ್ರೇಕಿಗೆ ಗಾಳಿ ತುಂಬುವ ಏರ್ ಕಂಪ್ರೆಸರಿನ ರಿಂಗ್ ಸವೆದರೂ ಗಾಳಿ ಇದೇ ಚೇಂಬರಿಗೆ ಬರುತ್ತದೆ. ಏರ್ ಟ್ಯಾಂಕ್ ತುಂಬಿ, ಹೆಚ್ಚಿನ ಗಾಳಿ ಹೊರಬಿಡುವ ಅನ್‌ಲೋಡರ್ ವಾಲ್ವ್ 'ಪುಸ್' ಎಂದ ಗಳಿಗೆಯಲ್ಲಿ ನೀರಿನ ಮಟ್ಟ ಇಳಿದರೆ ಕಂಪ್ರೆಸರೇ ಅಪರಾಧಿ. ಅದರ ಕಿಟ್ ಬದಲಿಸುವ ಖರ್ಚು ಎಂಜಿನ್ ಬಿಚ್ಚುವ ಖರ್ಚಿನ ಮುಂದೆ ಏನೂ ಅಲ್ಲ.

ಒತ್ತಡ ಸರಿಯಿದ್ದು ಚೇಂಬರ್ ಅಂಚಿನಲ್ಲೇ ಜಿನುಗುತ್ತಿದ್ದರೆ ತಪ್ಪು ತಗಡಿನದು. 'ಇನ್ನೊಂದು ಸುತ್ತು ಟೈಟ್ ಮಾಡು' ಎಂದು ವರ್ಷಗಟ್ಟಲೆ ಮಾಡಿದ ಶಾಸ್ತಿಗೆ ಪ್ರತಿ ಬೋಲ್ಟ್ ತೂತಿನ ಸುತ್ತ ತಗಡು ಬಟ್ಟಲಿನಂತೆ ಉಬ್ಬಿರುತ್ತದೆ. ಬೋಲ್ಟ್ ಬುಡದಲ್ಲಿ ಪ್ಯಾಕಿಂಗ್ ನುಜ್ಜುಗುಜ್ಜು, ಎರಡು ಬೋಲ್ಟಿನ ನಡುವೆ ಪೊಳ್ಳು. ಚೇಂಬರ್ ಇಳಿಸಿ, ಅಂಚನ್ನು ದಪ್ಪ ಕಬ್ಬಿಣದ ಪಟ್ಟಿಯ ಮೇಲಿಟ್ಟು ಉಬ್ಬನ್ನು ಗುಂಡು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸಮ ಮಾಡಿ. ಆಮೇಲೆ ಗಾಜಿನ ಹಲಗೆಯ ಮೇಲಿಟ್ಟು ಎಲ್ಲಿ ಬೆಳಕು ತೂರುತ್ತದೆ ನೋಡಿ. ಕಾರ್ಕ್ ಪ್ಯಾಕಿಂಗ್ ಎಣ್ಣೆಯಿಲ್ಲದ ಒಣ ಮೈ ಮೇಲೆ ಕೂರಬೇಕು. ಸಿಲಿಕಾನ್ ಬೇಕಾದದ್ದು ಟೈಮಿಂಗ್ ಕವರ್ ಬ್ಲಾಕಿಗೆ ಸೇರುವ ಸಂದಿಗೆ ಮತ್ತು ಕ್ರ್ಯಾಂಕನ್ನು ಹಿಡಿದಿಡುವ ಹಿಂದಿನ ಮೇನ್ ಕ್ಯಾಪಿನ ಎರಡು ಮೂಲೆಗೆ, ಅದೂ ಎರಡು ಮಿ.ಮೀ. ದಪ್ಪದ ಎಳೆ ಸಾಕು. ಕೇಕಿಗೆ ಕ್ರೀಮ್ ಹಚ್ಚಿದ ಹಾಗೆ ಬಳಿದರೆ ಒಳಗೆ ಹಿಂಡಿಕೊಂಡದ್ದು ಕಿತ್ತು ಬಂದು ಆಯಿಲ್ ಪಂಪಿನ ಸ್ಟ್ರೈನರ್ ಮುಚ್ಚುತ್ತದೆ, ಬೇರಿಂಗ್ ಹೋಗುತ್ತದೆ. ಬೋಲ್ಟನ್ನು ನಡುವಿನಿಂದ ತುದಿಗೆ, ಅತ್ತ ಒಂದು ಇತ್ತ ಒಂದರಂತೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. 8 ಮಿ.ಮೀ. ಬೋಲ್ಟಿಗೆ ಕಾರ್ಕ್ ಇದ್ದಾಗ ಸುಮಾರು 10 ನ್ಯೂಟನ್ ಮೀಟರ್ ಸಾಕು. ಒಂದು ಸಲ ಬಿಸಿಯಾಗಿ ಆರಿದ ಮೇಲೆ ಮತ್ತೊಮ್ಮೆ ಕೈಯಾಡಿಸಿ, ಅಲ್ಲಿಗೆ ಬಿಟ್ಟುಬಿಡಿ.

ಹಿಂದಿನ ಮೇನ್ ಸೀಲ್ ದೊಡ್ಡ ಕೆಲಸ. ಪ್ರೊಪೆಲರ್ ಶಾಫ್ಟ್, ಗೇರ್ ಬಾಕ್ಸ್, ಕ್ಲಚ್, ಫ್ಲೈವೀಲ್ ಎಲ್ಲ ಇಳಿಯಬೇಕು. ಇಷ್ಟೆಲ್ಲ ಬಿಚ್ಚಿದ ಮೇಲೆ ಬರೀ ಸೀಲ್ ಬದಲಿಸಿ ಮುಚ್ಚುವುದು ಅನ್ಯಾಯ. ಕ್ರ್ಯಾಂಕ್ ಮೇಲೆ ಸೀಲ್ ಓಡಿದ ಜಾಗದಲ್ಲಿ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಹೊಸ ಸೀಲ್ ಅದೇ ಗೀರಿನಲ್ಲಿ ಕೂತು ಮತ್ತೆ ಸೋರುತ್ತದೆ. ಹೌಸಿಂಗಿನಲ್ಲಿ ಜಾಗವಿದ್ದರೆ ಸೀಲನ್ನು ಎರಡು ಮೂರು ಮಿ.ಮೀ. ಆಚೀಚೆ ಕೂರಿಸಿ, ಇಲ್ಲವಾದರೆ ಶಾಫ್ಟಿಗೆ ಕಾಲು ಮಿ.ಮೀ. ದಪ್ಪದ ಸ್ಟೀಲ್ ಸ್ಲೀವ್ ತೊಡಿಸಿ. ಡಯಲ್ ಗೇಜ್ ಇಟ್ಟು ಕ್ರ್ಯಾಂಕನ್ನು ಮೇಲೆ ಕೆಳಗೆ ಮೀಟಿ ನೋಡಿ. ಮೇನ್ ಬೇರಿಂಗ್ ಸವೆದು ಶಾಫ್ಟ್ ಕುಣಿಯುತ್ತಿದ್ದರೆ ಯಾವ ಸೀಲೂ ತಡೆಯದು. ರಬ್ಬರ್ ಸೀಲಿನ ಸ್ಪ್ರಿಂಗ್ ಇರುವ ಮಗ್ಗುಲು ಎಣ್ಣೆಯ ಕಡೆಗಿರಬೇಕು, ತುಟಿಗೆ ಆಯಿಲ್ ಸವರಿರಬೇಕು.

ತುಂಬ ಹಳೇ ಎಂಜಿನ್ನಿನಲ್ಲಿ ರಬ್ಬರ್ ಬದಲು ಹಗ್ಗದ ಸೀಲ್ ಸಿಗುತ್ತದೆ. ಹಳೇ ಹಗ್ಗದಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಣಗಿದ್ದಾಗ ಗಾಳಿ ಹೊಡೆಯದೆ ಎಣ್ಣೆಯಲ್ಲಿ ನೆನೆಸಿಯೇ ತೆಗೆಯಿರಿ. ಹೊಸ ಹಗ್ಗವನ್ನು ಆಯಿಲಿನಲ್ಲಿ ನೆನೆಸಿ, ಸೀಲ್ ಕೂರುವ ತೋಡಿಗೆ ಹಾಕಿ, ನುಣುಪು ಕಬ್ಬಿಣದ ಸರಳನ್ನು ಉರುಳಿಸುತ್ತ ನಡುವಿನಿಂದ ತುದಿಗೆ ಒತ್ತಿ ಕೂರಿಸಿ. ತುದಿಯಲ್ಲಿ ಅರ್ಧ ಮಿ.ಮೀ.ಯಷ್ಟು ಹೊರಗೆ ಬಿಟ್ಟು ಹೊಸ ಬ್ಲೇಡಿನಿಂದ ಒಂದೇ ಏಟಿಗೆ ಕತ್ತರಿಸಿ. ಸಮಕ್ಕೆ ಕತ್ತರಿಸಿದರೆ ಮೇಲಿನ, ಕೆಳಗಿನ ಎರಡು ಹಗ್ಗದ ತುದಿಗಳ ನಡುವೆ ಸಂದಿ ಉಳಿಯುತ್ತದೆ. ಬ್ಲೇಡ್ ಮೊಂಡಾಗಿ ಎಳೆಗಳು ಜೂಲು ಜೂಲಾದರೆ ಅವು ಕ್ಯಾಪ್ ಅಡಿ ಸಿಕ್ಕಿಕೊಂಡು ಕ್ಯಾಪನ್ನೇ ಪೂರ್ತಿ ಕೂರಲು ಬಿಡುವುದಿಲ್ಲ. ಕ್ಯಾಪ್ ಬಿಗಿದ ಮೇಲೆ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ ನೋಡಿ: ಸ್ವಲ್ಪ ಬಿಗಿ ಅನ್ನಿಸಬೇಕು, ಒಂದೆರಡು ಸುತ್ತಿಗೆ ಅದು ಸಡಿಲಬೇಕು. ಕಲ್ಲಿನಂತೆ ನಿಂತರೆ ಕ್ಯಾಪ್ ಬಿಚ್ಚಿ, ಎಲ್ಲೋ ಒಂದು ಎಳೆ ಒಳಗೆ ಸಿಕ್ಕಿದೆ.