ವಿದೇಶದಿಂದ ತಂದ ಮೇಲೂ ಗಲ್ಲಿಗೆ ಯಾಕೆ ಹಾಕಲಿಲ್ಲ?

“ವಿದೇಶಕ್ಕೆ ಓಡಿಹೋದ ಆರೋಪಿಯನ್ನ ಹಿಡ್ಕೊಂಡು ಬಂದಾಯ್ತಲ್ಲ, ಇರೋಬರೋ ಕೇಸೆಲ್ಲ ಹಾಕಿ ಗಲ್ಲಿಗೇರಿಸೋಕೆ ಏನು ಅಡ್ಡಿ?” ಕೋರ್ಟು-ಕಾನೂನಿನ ಬಗ್ಗೆ ಬರೆಯುವ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ.

ಅಡ್ಡಿ ಇದೆ. ನಾವು ಹಿಡಿದು ತಂದಿರುವುದಿಲ್ಲ, ಅವನು ಸಿಕ್ಕಿಬಿದ್ದ ದೇಶ ಒಪ್ಪಿಸಿರುತ್ತದೆ. ಇದಕ್ಕೇ ಹಸ್ತಾಂತರ ಅನ್ನುವುದು. ಒಪ್ಪಿಸುವಾಗ ಷರತ್ತು ಹಾಕಿರುತ್ತದೆ.

ಅಬು ಸಲೇಂ ಕೇಸನ್ನೇ ನೋಡಿ. 1993ರ ಮುಂಬೈ ಸ್ಫೋಟದಲ್ಲಿ 257 ಜನ ಸತ್ತರು. ಅದರ ಆರೋಪಿ ಸಲೇಂ 2002ರಲ್ಲಿ ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಸಿಕ್ಕಿಬಿದ್ದ. ಗಲ್ಲಾಗುವ ಹಾಗಿದ್ದರೆ ಪೋರ್ಚುಗಲ್ ಯಾರನ್ನೂ ಒಪ್ಪಿಸುವುದಿಲ್ಲ. ಹಾಗಾಗಿ ಆಗಿನ ಉಪಪ್ರಧಾನಿ ಅಡ್ವಾಣಿ ಭಾರತದ ಪರವಾಗಿ ಮಾತು ಕೊಟ್ಟರು: ಗಲ್ಲು ಇಲ್ಲ, 25 ವರ್ಷಕ್ಕಿಂತ ಜಾಸ್ತಿ ಜೈಲೂ ಇಲ್ಲ. 2005ರ ನವೆಂಬರ್‌ನಲ್ಲಿ ಅವನು ಇಲ್ಲಿಗೆ ಬಂದ. 2017ರಲ್ಲಿ ಅದೇ ಕೇಸಿನಲ್ಲಿ ಬೇರೆ ಇಬ್ಬರಿಗೆ ಗಲ್ಲು ಶಿಕ್ಷೆಯಾಯಿತು, ಸಲೇಂಗೆ ಜೀವಾವಧಿ. 2022ರಲ್ಲಿ ಸುಪ್ರೀಂ ಕೋರ್ಟ್, 25 ವರ್ಷ ಮುಗಿದಾಗ ಸರ್ಕಾರ ಮಾತು ಉಳಿಸಿಕೊಳ್ಳಲೇಬೇಕು ಎಂದಿತು.

ಇನ್ನು ಉಳಿದ ಕೇಸುಗಳು. ನಮ್ಮದೇ 1962ರ ಹಸ್ತಾಂತರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ಯಾವ ಅಪರಾಧಕ್ಕಾಗಿ ಒಪ್ಪಿಸಿದರೋ ಅದಕ್ಕಷ್ಟೇ ವಿಚಾರಣೆ. ಅದೇ ಸಂಗತಿಗಳಿಂದ ಸಾಬೀತಾಗುವ ಸಣ್ಣ ಅಪರಾಧವಾದರೆ ನಡೆಯುತ್ತದೆ. ಸಲೇಂ ವಿಷಯದಲ್ಲಿ ಜಗಳ ಹುಟ್ಟಿದ್ದು ಇಲ್ಲೇ. ಇಲ್ಲಿ ಅವನ ಮೇಲೆ ಇನ್ನೂ ಕೆಲವು ಆರೋಪ ಸೇರಿಸಿದರು. ಅವುಗಳ ಶಿಕ್ಷೆ ಕಡಿಮೆ, ಪರವಾಗಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಲಿಸ್ಬನ್ ಕೋರ್ಟಿಗೆ ಅದು ಹಿಡಿಸಲಿಲ್ಲ. ಮಾತು ಮುರಿದಿದ್ದೀರಿ ಎಂದು 2011ರಲ್ಲಿ ಹಸ್ತಾಂತರವನ್ನೇ ರದ್ದು ಮಾಡಿತು! ಹಸ್ತಾಂತರ ಇಲ್ಲಿ ಊರ್ಜಿತವಾಗಿಯೇ ಉಳಿಯಿತು, ನಿಜ. ಆದರೆ 2013ರಲ್ಲಿ ಸಿಬಿಐ ಕೆಲವು ಆರೋಪಗಳನ್ನು ತಾನಾಗಿಯೇ ವಾಪಸ್ ಪಡೆಯಬೇಕಾಯಿತು. ದೊಡ್ಡ ಆರೋಪ ಕೈಯಲ್ಲಿರುವಾಗ ಸಣ್ಣವನ್ನು ಸುಮ್ನೆ ಪೇರಿಸಲು ಹೋಗಿ ಇಷ್ಟು ವರ್ಷ ಹೈರಾಣಾದದ್ದು ದಡ್ಡತನ ಅಂತಲೇ ನನ್ನ ಅನಿಸಿಕೆ.

“ಪಾತಕಿಗೆ ಇಷ್ಟೊಂದು ಮರ್ಯಾದೆಯಾ?” ಅಂತ ಕೆಲವರು ಸಿಟ್ಟಾಗುತ್ತಾರೆ. ಅವನಿಗಲ್ಲ, ನಾವು ಮಾತು ಕೊಟ್ಟದ್ದು ಇನ್ನೊಂದು ದೇಶಕ್ಕೆ. ನಾಳೆ ಮತ್ತೊಬ್ಬನನ್ನು ಕೇಳಲು ಅಲ್ಲಿಗೇ ಹೋಗಬೇಕು, ಅಲ್ವಾ?

2020ರಲ್ಲಿ ಸೆನೆಗಲ್‌ನಿಂದ ಬೆಂಗಳೂರಿಗೆ ತಂದ ಭೂಗತ ಪಾತಕಿ ರವಿ ಪೂಜಾರಿಗೂ ಇದೇ 21ನೇ ಸೆಕ್ಷನ್. ಬೇರೆ ಕೇಸು ನಡೆಸಲೇಬೇಕೆಂದರೆ ದಾರಿ ಇಲ್ಲದಿಲ್ಲ. ಒಪ್ಪಿಸಿದ ದೇಶದ ಅನುಮತಿ ಕೇಳಬೇಕು. ಇಲ್ಲವೇ ಆರೋಪಿಗೆ ಆ ದೇಶಕ್ಕೆ ಮರಳುವ ಅವಕಾಶವನ್ನಾದರೂ ಕೊಟ್ಟಿರಬೇಕು. ಎರಡನೆಯದಕ್ಕೆ ಯಾವ ಪೊಲೀಸರೂ ಕೈಹಾಕುವುದಿಲ್ಲ ಬಿಡಿ.