ಗೋಡೆಯ ಹಿಂದೆ ರಾಜಕಾಲುವೆ

ಬೆಂಗಳೂರಿನ ಹೊರವಲಯದ ಒಂದು ಕಾರ್ಟಿಂಗ್ (ನೆಲಕ್ಕಂಟಿದಂತಿರುವ ಪುಟ್ಟ ರೇಸ್ ಗಾಡಿಗಳ) ಟ್ರ್ಯಾಕಿನಲ್ಲಿ ಮೂರನೇ ತಿರುವು ನೋಡೋಕೆ ಸಾಧು. ಉದ್ದನೆಯ ನೇರ ಹಾದಿ ಮುಗಿದು ಬಲಕ್ಕೆ ಹೊರಳುತ್ತದೆ, ಅಷ್ಟೇ. ಗೋಡೆಗೆ ಮೂರು ಟೈರೆತ್ತರದ ಸಾಲೊಂದನ್ನು ಆನಿಸಿಟ್ಟಿದ್ದರು, ಅದೂ ಸರಿಯಾಗಿ ತಿರುವಿನ ನಡುಮಧ್ಯಕ್ಕೆ.

ಈ ತಿರುವನ್ನು ಸುರಕ್ಷಿತ ಮಾಡೋಕೆ ಹೋದ ನಾವು ಭಾನುವಾರ ಬೆಳಿಗ್ಗೆ ಆರೂವರೆಗೆ ಮೊದಲು ಮುಟ್ಟಿದ್ದು ಟೈರನ್ನಲ್ಲ, ನೆಲದ ಮೇಲಿನ ಕಪ್ಪು ಗೆರೆಗಳನ್ನು. ಚಕ್ರ ಲಾಕ್ ಆಗಿ ಉಜ್ಜಿದ ಗುರುತುಗಳ ಜಾಡಿನಲ್ಲೇ ನೂಲು ಎಳೆದರೆ, ಬಹುಪಾಲು ಹೋಗಿ ಮುಟ್ಟಿದ್ದು ಟೈರಿಗಿಂತ ಆರು ಮೀಟರ್ ಮುಂಚಿನ ಬೋಳು ಗೋಡೆಗೆ. ಹತೋಟಿ ತಪ್ಪಿದ ಗಾಡಿ ತಿರುವಿನ ಜೊತೆ ತಿರುಗುವುದಿಲ್ಲ, ಅದುವರೆಗೆ ಹೋಗುತ್ತಿದ್ದ ನೇರಕ್ಕೇ ಹೋಗುತ್ತದೆ.

ಆ ನೂಲಿನ ಗುಂಟ ಟ್ರ್ಯಾಕಿನ ಅಂಚಿನಿಂದ ಗೋಡೆಗೆ 14 ಮೀಟರ್, ಎಲ್ಲ ಟಾರು. ಒಣ ಟಾರಿನ ಹಿಡಿತ (ಘರ್ಷಣೆಯ ಗುಣಾಂಕ) 0.8 ಅಂತ ಹಿಡಿಯಿರಿ. ಅಂಚಿನಲ್ಲಿ ಗಂಟೆಗೆ 60 ಕಿ.ಮೀ. ವೇಗವಿದ್ದು ಅಲ್ಲೇ ಬ್ರೇಕ್ ಬಿದ್ದರೆ ನಿಲ್ಲೋಕೆ ಸುಮಾರು 18 ಮೀಟರ್ ಬೇಕು. ಗೋಡೆ ಹತ್ತಿರ ಬರುವಾಗ 27 ಕಿ.ಮೀ. ವೇಗ ಉಳಿದಿರುತ್ತದೆ. 80ರಲ್ಲಿ ಬಂದರೆ? ಗೋಡೆಯ ಹತ್ತಿರವೂ 60! ನಿಲ್ಲೋಕೆ ಬೇಕಾದ ದೂರ ವೇಗದ ವರ್ಗದಂತೆ ಬೆಳೆಯುವ ಲೆಕ್ಕ ಇದು. 'ಇಪ್ಪತ್ತೇ ತಾನೇ ಹೆಚ್ಚು' ಅನ್ನುವವರಿಗೆ ಕಾಗದದ ಮೇಲೆ ಬರೆದು ತೋರಿಸಬೇಕಾಗುತ್ತದೆ.

ಗೋಡೆಯನ್ನು ಹಿಂದಕ್ಕೆ ಸರಿಸೋಣವೆಂದರೆ ಆಚೆ ರಾಜಕಾಲುವೆ. ಇಟಲಿಯ ಇಮೋಲಾ ರೇಸ್ ಟ್ರ್ಯಾಕಿನ ಟಂಬುರೆಲ್ಲೋ ತಿರುವಿನಲ್ಲೂ ಇದೇ ಪಾಡು: ಗೋಡೆಯ ಬೆನ್ನಿಗೆ ಸಾಂಟೆರ್ನೋ ನದಿ. 1994ರಲ್ಲಿ ಅಲ್ಲಿ ಗೋಡೆಗೆ ಬಡಿದು ಫಾರ್ಮುಲಾ ಒನ್ ಚಾಲಕ ಐರ್ಟನ್ ಸೆನ್ನಾ ತೀರಿಕೊಂಡ ಮೇಲೆ ನದಿಯನ್ನು ಸರಿಸಲಿಲ್ಲ, ತಿರುವನ್ನೇ ನಿಧಾನ ಮಾಡಿದರು. 1995ರಿಂದ ಅಲ್ಲಿ ಶಿಕೇನ್, ಅಂದರೆ ವೇಗ ತಗ್ಗಿಸುವ ಎಡ-ಬಲ ಹೊರಳು.

ನಾವೂ ಅದೇ ಹಾದಿ ಹಿಡಿದೆವು, ಕೋನ್‌ಗಳಿಂದ. ತಿರುವಿಗೆ 10 ಮೀಟರ್ ಮುಂಚೆ ಎಡ-ಬಲ ಹೊರಳು ಇಟ್ಟಾಗ ಕೆಟ್ಟಿತು: ಒಂದು ಮಗ್ಗುಲಿಗೆ ವಾಲಿದ ಭಾರ ಸುಧಾರಿಸಿಕೊಳ್ಳುವ ಮೊದಲೇ ಮುಂದಿನ ತಿರುವು ಬಂದು ಕಾರ್ಟಿನ ಹಿಂಭಾಗ ಜಾರಿತು. 30 ಮೀಟರಿಗೆ ಸರಿಸಿದ ಮೇಲೆ ಸರಿಹೋಯಿತು. ಇನ್ನೂ ಹಿಂದಕ್ಕೆ ಹೋದರೆ ಕಳೆದ ವೇಗವನ್ನು ಮತ್ತೆ ಗಳಿಸಿಬಿಡುತ್ತದೆ. ವೇಗ ಅಳೆಯೋಕೆ ರಾಡಾರ್ ಬೇಕಿಲ್ಲ. 20 ಮೀಟರ್ ಅಂತರದಲ್ಲಿ ಎರಡು ಸುಣ್ಣದ ಗೆರೆ, ಸೆಕೆಂಡಿಗೆ 60 ಫ್ರೇಮಿನ ಮೊಬೈಲ್ ವಿಡಿಯೊ. 54 ಫ್ರೇಮಿನಲ್ಲಿ ದಾಟಿದರೆ 80, 72ರಲ್ಲಾದರೆ 60. ನಮಗೆ ಸಿಕ್ಕಿದ್ದು 70 ಫ್ರೇಮು, ಅಂದರೆ ಸುಮಾರು 62 ಕಿ.ಮೀ. ವೇಗ.

ಆಮೇಲೆ ಟೈರು, ನೂಲು ಮುಟ್ಟಿದ ಆ ಬೋಳು ಗೋಡೆಗೆ, ಎರಡು ಸಾಲು. "ಸಾರ್, ಹಗ್ಗ ಬಿಗಿದ್ರೆ ಸಾಲ್ದಾ?" ಅಂದ ಮೆಕ್ಯಾನಿಕ್. ಸಾಲದು. ಬಿಡಿ ಟೈರಿನ ರಾಶಿಗೆ ಕಾರ್ಟಿನ ತಗ್ಗು ಮೂಗು ಅಡಿಯಿಂದ ನುಗ್ಗುತ್ತದೆ, ಮೇಲಿನವು ಓಡಿಸುವವನ ಮಡಿಲಿಗೇ ಬೀಳುತ್ತವೆ. ಒಂದೇ ಅಳತೆಯ ಟೈರು ಆರಿಸಿ, ಮೇಲಿನದಕ್ಕೂ ಕೆಳಗಿನದಕ್ಕೂ ಪಕ್ಕೆಯಲ್ಲಿ ತೂತು ಕೊರೆದು, ಎಸ್.ಪಿ. ರಸ್ತೆಯಿಂದ ತಂದ 12 ಮಿ.ಮೀ. ಬೋಲ್ಟ್ ಹಾಕಿದೆವು, ಎರಡೂ ಕಡೆ 50 ಮಿ.ಮೀ. ವಾಷರ್. ವಾಷರ್ ಚಿಕ್ಕದಾದರೆ ಏಟಿಗೆ ನಟ್ಟು ರಬ್ಬರನ್ನು ಸೀಳಿಕೊಂಡು ಬರುತ್ತದೆ. ಹೀಗೆ ಪೇರಿಸಿದ ಅಕ್ಕಪಕ್ಕದ ಟೈರುಕಂಬಗಳನ್ನು ಸೇರಿಸೋದು ಬೇರೆ ರಗಳೆ: ನೆಲಕ್ಕೆ ತಾಗುವ ಭಾಗದಲ್ಲಿ ಉಕ್ಕಿನ ತಂತಿ ಇರುವುದರಿಂದ ಡ್ರಿಲ್ ಬಿಟ್ ಸಿಕ್ಕಿಕೊಂಡು ಮಣಿಕಟ್ಟು ತಿರುಚುತ್ತದೆ. ನಿಧಾನಗತಿಯಲ್ಲೇ ಕೊರೆಯಬೇಕು. ಪ್ರತಿ ಟೈರಿನ ಕೆಳಪಕ್ಕೆಗೂ ಎರಡೆರಡು ತೂತು, ಮಳೆನೀರು ಇಳಿಯೋಕೆ. ನೀರು ತುಂಬಿದ ಟೈರು ಏಟಿಗೆ ಬಗ್ಗುವುದು ಕಡಿಮೆ; ಜೊತೆಗೆ ಡೆಂಗಿ ಸೊಳ್ಳೆಗೆ ತೊಟ್ಟಿಲು.

ಎರಡು ಸಾಲು ಸೇರಿ 60 ಸೆಂ.ಮೀ. ಕುಗ್ಗಿದರೂ 27 ಕಿ.ಮೀ. ವೇಗದ ಗಾಡಿಗೆ ಸರಾಸರಿ 5 ಜಿ, ಅಂದರೆ ಮೈತೂಕದ ಐದು ಪಟ್ಟು ಬಲದ ಏಟು. ಬೋಳು ಗೋಡೆಗೆ ಬಡಿದು ಬಂಪರ್ 10 ಸೆಂ.ಮೀ. ಅಷ್ಟೇ ಕುಗ್ಗಿದರೆ 30 ಜಿ.

ಮುಂಭಾಗಕ್ಕೆ 12 ಮಿ.ಮೀ. ದಪ್ಪದ ಹಳೇ ಕನ್ವೇಯರ್ ಬೆಲ್ಟ್. ಓರೆಯಾಗಿ ಬಂದ ಗಾಡಿ ಟೈರುಗಳ ಸಂದಿಗೆ ಸಿಕ್ಕಿ ಗಿರಕಿ ಹೊಡೆಯದೆ ಸವರಿಕೊಂಡು ಹೋಗಬೇಕು. ಬೆಲ್ಟಿನ ಅಡಿ ನೆಲ ಮುಟ್ಟಿರಬೇಕು. ಜೋಡಣೆ ಹೆಂಚು ಹೊದಿಸಿದಂತೆ. ತೆರೆದ ತುದಿ ಗಾಡಿ ಬರುವ ದಿಕ್ಕಿಗಿದ್ದರೆ ಅದೇ ಕೊಕ್ಕೆಯಾಗುತ್ತದೆ.

ಕೊನೆಗೆ ಮೂರು ಮೀಟರಿನಷ್ಟು ಬೆಲ್ಟ್ ಸಾಲಲಿಲ್ಲ. ಅದು ಬರುವ ತನಕ ಹೆಚ್ಚು ವೇಗದ ಎರಡು ಸ್ಟ್ರೋಕಿನ ಕಾರ್ಟುಗಳನ್ನು ಇಳಿಸಬೇಡಿ ಅಂತ ಪಿಟ್ಟಿನ (ಗಾಡಿ ನಿಲ್ಲಿಸಿ ರಿಪೇರಿ ಮಾಡುವ ಜಾಗದ) ಬೋರ್ಡಿನ ಮೇಲೆ ಬರೆದು, ಬೋಲ್ಟ್ ಬಿಗಿ ಮಾಡುವ ಸ್ಪ್ಯಾನರನ್ನು ಅಲ್ಲೇ ಮೊಳೆಗೆ ನೇತುಹಾಕಿ ಬಂದೆವು.