ರೈಲು ಬಾರದ ಗಣಿಯೂರಿಗೆ

ಕುದುರೆಮುಖದ ಕಬ್ಬಿಣದ ಗಣಿಗೆ ರೈಲು ಇರಲಿಲ್ಲ. ಕೋಲಾರದ ಚಿನ್ನದ ಗಣಿಗೆ ಹಳಿ ಬಂತು, ಬಳ್ಳಾರಿ ಜಿಲ್ಲೆಯ ಸಂಡೂರಿನ ಅದಿರಿಗೂ ಬಂತು. ಇಲ್ಲಿ ಮಾತ್ರ ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಹರಿಸುತ್ತಿದ್ದರು. ನಿಂತುಹೋದ ಗಣಿ, ಕಿತ್ತುಹೋದ ಹಳಿ ಎಂದರೆ ಕಾರು ಹೊರಡಿಸುವ ನನ್ನಂಥವನಿಗೆ ಇದೊಂದು ತೊಡಕು. ಹಳಿ ಕಿತ್ತರೂ ಏರಿ ಉಳಿಯುತ್ತದೆ, ಜಲ್ಲಿ ಉಳಿಯುತ್ತದೆ, ಮೋರಿಯ ಕಲ್ಲುಗಳು ಉಳಿಯುತ್ತವೆ. ಹೂತಿಟ್ಟ ಕೊಳವೆಯ ಜಾಡನ್ನು ಎಲ್ಲಿ ಹಿಡಿಯುವುದು?

ಅದಕ್ಕೇ ನನ್ನ ಸೋದರಮಾವನನ್ನು ಜೊತೆಗೆ ಹೊರಡಿಸಿದೆ. ಅವರು ಆ ಗಣಿಯ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ಗಣಿ ನಿಂತ ಮೇಲೆ ಮಂಗಳೂರಿನಲ್ಲಿ ಅದಿರಿನ ಪುಡಿಯನ್ನು ಉಂಡೆ ಕಟ್ಟುವ ಕಾರ್ಖಾನೆಗೆ ವರ್ಗವಾಗಿ, ಅಲ್ಲಿಯೇ ನಿವೃತ್ತರಾಗಿ, ಈಗ ಹಾಸನದಲ್ಲಿ ನೆಲೆಸಿದ್ದಾರೆ. ಕೊಳವೆಯ ಎರಡೂ ತುದಿಗಳನ್ನು ಕಂಡವರು.

ಹಾಸನದಿಂದ ಬೇಲೂರು, ಮೂಡಿಗೆರೆ ಹಾದು ಹೋಗಿದ್ದರೆ ಹತ್ತಿರವಾಗುತ್ತಿತ್ತು. ನಾನು ಹಟ ಮಾಡಿ ಸಕಲೇಶಪುರಕ್ಕೆ ತಿರುಗಿಸಿದೆ. ಘಟ್ಟದ ರೈಲು ಹಾದಿಯ ದೋಣಿಗಾಲ್ ನೋಡಬೇಕಿತ್ತು. ಹಾಸನದಿಂದ ಮಂಗಳೂರಿಗೆ ಮೀಟರ್ ಗೇಜ್ ಹಳಿ ಪೂರ್ಣವಾದದ್ದು 1979ರಲ್ಲಿ. 1996ರಲ್ಲಿ ಬ್ರಾಡ್‌ಗೇಜ್ ಮಾಡುತ್ತೇವೆಂದು ಘಟ್ಟದಲ್ಲಿ ರೈಲು ನಿಲ್ಲಿಸಿದರು. ಮತ್ತೆ ಓಡುವಷ್ಟರಲ್ಲಿ ಹತ್ತು ವರ್ಷ ಕಳೆದಿತ್ತು. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ 57 ಸುರಂಗಗಳು ಆಗ ಚಾರಣಿಗರ ಪಾಲಾಗಿದ್ದವು. ಬೆನ್ನಿಗೆ ಚೀಲ, ಕೈಯಲ್ಲಿ ಟಾರ್ಚು, ರಾತ್ರಿ ಎಡಕುಮೇರಿ ನಿಲ್ದಾಣದಲ್ಲಿ ಮಲಗು. ಆ ಕಾಲದ ಕಥೆಗಳನ್ನು ಕೇಳುತ್ತಲೇ ಬೆಳೆದವನು ನಾನು. 2006ರಲ್ಲಿ ಗೂಡ್ಸ್ ಬಂದವು, 2007ರ ಕೊನೆಗೆ ಪ್ರಯಾಣಿಕರ ರೈಲು. ಈಗ ಹಳಿಯ ಮೇಲೆ ನಡೆದರೆ ರೈಲ್ವೆಯವರು ಹಿಡಿಯುತ್ತಾರೆ, ಹಿಡಿಯಲೇಬೇಕು. ಸುರಂಗದೊಳಗೆ ರೈಲು ಬಂದರೆ ಪಕ್ಕಕ್ಕೆ ಸರಿಯಲು ಜಾಗ ಎಲ್ಲಿದೆ?

ರಸ್ತೆಯ ಬದಿಯಲ್ಲಿ ನಿಂತಿದ್ದಾಗ ಒಂದು ಗೂಡ್ಸ್ ಹೋಯಿತು. ಡಬ್ಬಿಗಳ ಅಂಚಿಗೆಲ್ಲ ಕೆಂಪು ಧೂಳು. ಮಾವ ಡಬ್ಬಿಗಳನ್ನು ಎಣಿಸಲು ಹೊರಟು ನಡುವೆಯೇ ಬಿಟ್ಟರು. "ನಮ್ಮ ಗಣಿ ನಿಂತ ಮರುವರ್ಷವೇ ಈ ಹಳಿ ಎದ್ದು ಕುಳಿತಿತು, ನೋಡು" ಎಂದರು.

ಹಾನುಬಾಳಿನ ದಾರಿಯಲ್ಲಿ ಮೂಡಿಗೆರೆ, ಅಲ್ಲಿಂದ ಕೊಟ್ಟಿಗೆಹಾರ. ನೀರುದೋಸೆಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ತಿಂದೆನಷ್ಟೆ. ಕಳಸ ದಾಟಿ ಸಂಸೆಯ ಚಹಾ ತೋಟ ಕಂಡ ಮೇಲೆ ಮಾವನ ಮಾತು ಹೆಚ್ಚಾಯಿತು.

ಅವರು ಹೇಳಿದ್ದರಲ್ಲಿ ನನಗೆ ಹೊಸದೆನಿಸಿದ್ದು ಅದಿರಿನ ಬಡತನ, ಅದರಲ್ಲಿ ಕಬ್ಬಿಣದ ಅಂಶ ಕಡಿಮೆ. ಇದು ಮ್ಯಾಗ್ನಟೈಟ್, ಬಳ್ಳಾರಿಯ ಅದಿರಿನ ಹಾಗೆ ಅಗೆದು ನೇರವಾಗಿ ಹಡಗಿಗೆ ತುಂಬುವಂಥದ್ದಲ್ಲ. ಕಲ್ಲನ್ನು ಒಡೆದು, ಹಿಟ್ಟು ಮಾಡಿ, ಅಯಸ್ಕಾಂತದಿಂದ ಕಬ್ಬಿಣದ ಅಂಶವನ್ನು ಬೇರ್ಪಡಿಸಬೇಕು. ಉಳಿದ ಕೆಸರೆಲ್ಲ ಲಕ್ಯಾ ಅಣೆಕಟ್ಟಿನ ಹಿಂದೆ ಹೋಗಿ ನಿಲ್ಲಬೇಕು. "ಕೊಳವೆಗೆ ಬಿಡುವ ಹೊತ್ತಿಗೆ ದೋಸೆ ಹಿಟ್ಟಿನ ಹದ" ಎಂದರು. ಘಟ್ಟದ ಇಳಿಜಾರೇ ಅದನ್ನು ಕಡಲಿನವರೆಗೆ ಎಳೆದೊಯ್ಯುತ್ತಿತ್ತು. ಇಷ್ಟು ದುಬಾರಿಯ ಏರ್ಪಾಡು ಯಾರಿಗಾಗಿ ಎಂದರೆ ಇರಾನಿಗಾಗಿ. ಕಂಪನಿ ಹುಟ್ಟಿದ್ದು 1976ರಲ್ಲಿ, ಷಾ ದೊರೆಯ ಸರ್ಕಾರದ ಸಾಲದ ಭರವಸೆಯ ಮೇಲೆ. ಕಾರ್ಖಾನೆ ತಯಾರಾಗುವ ಹೊತ್ತಿಗೆ, 1979ರಲ್ಲಿ, ಷಾ ದೇಶ ಬಿಟ್ಟಿದ್ದರು. ಟೆಹರಾನಿನ ಬೀದಿಗಳಲ್ಲಿ ಜನ ಎದ್ದದ್ದಕ್ಕೆ ಮಲೆನಾಡಿನ ಮೂಲೆಯಲ್ಲಿ ಗಿರಾಕಿ ತಪ್ಪಿತು. ಬೇರೆ ದೇಶಗಳ ಬಾಗಿಲು ತಟ್ಟಬೇಕಾಯಿತು.

ಚೆಕ್‌ಪೋಸ್ಟಿನಲ್ಲಿ ಅರಣ್ಯ ಇಲಾಖೆಯ ಹುಡುಗ ರಾಷ್ಟ್ರೀಯ ಉದ್ಯಾನ ಹೊಕ್ಕ ಸಮಯ ಬರೆದ ಚೀಟಿ ಕೊಟ್ಟ. ದಾರಿಯಲ್ಲಿ ಎಲ್ಲೂ ಗಾಡಿ ನಿಲ್ಲಿಸುವಂತಿಲ್ಲ, ಅಡ್ಡಾಡುವಂತಿಲ್ಲ ಎಂದ. ಮಾವ ಈ ರಸ್ತೆಯಲ್ಲಿ ಕಳಸದ ಸಂತೆಯ ಚೀಲಗಳನ್ನು ಎಷ್ಟು ಸಲ ಹೊತ್ತು ತಂದಿದ್ದರೋ, ಅವನಿಗೇನು ಗೊತ್ತು? ಮಾವ "ಆಯಿತಪ್ಪ" ಎಂದು ಚೀಟಿಯನ್ನು ಜೇಬಿಗೆ ಹಾಕಿಕೊಂಡರು.

ಊರು ನಾನು ಎಣಿಸಿದಷ್ಟು ಪಾಳಾಗಿರಲಿಲ್ಲ. ಚಿತ್ರಗಳಲ್ಲಿ ಬರುವಂತೆ ಮುರಿದ ಕಿಟಕಿಗಳ ಸಾಲನ್ನು ಹುಡುಕುವವರಿಗೆ ಅದೂ ಸಿಗುತ್ತದೆ, ಕೆಲವು ಕ್ವಾರ್ಟರ್ಸ್‌ಗಳ ಗೋಡೆಗೆ ಪಾಚಿ ಹತ್ತಿದೆ, ಮಾಡಿನ ಮೇಲೆ ಗಿಡ ಬೆಳೆದಿದೆ. ಆದರೆ ನಡುವೆ ದೀಪ ಹಚ್ಚಿಕೊಂಡ ಮನೆಗಳಿವೆ, ಅಂಗಡಿಯಿದೆ, ಬಸ್ಸು ನಿಲ್ಲುತ್ತದೆ. ಮಾವ ತಮ್ಮ ಹಳೆಯ ಮನೆಯನ್ನು ಗುರುತಿಸಿದ್ದು ಅತ್ತೆ ನೆಟ್ಟ ಹಲಸಿನ ಮರದಿಂದ. ಬಾಗಿಲಿಗೆ ಬೀಗ ಇತ್ತು. ಮಂಗಗಳು ಈಗ ಒಂದು ಕಾಯನ್ನೂ ಉಳಿಸುವುದಿಲ್ಲ ಎಂದು ಪಕ್ಕದವರೊಬ್ಬರು ಹೇಳಿದಾಗ, "ಆಗಲೂ ಉಳಿಸುತ್ತಿರಲಿಲ್ಲ" ಎಂದು ನಕ್ಕರು.

ಗಣಿಯ ಗುಡ್ಡದ ಹತ್ತಿರಕ್ಕೆ ಬಿಡುವುದಿಲ್ಲ. ದೂರದಿಂದ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಇಳಿಜಾರು ಕಂಡಿತು. ಸುತ್ತ ಶೋಲಾ ಕಾಡು, ಹುಲ್ಲುಗಾವಲು. ತುಂಗೆ, ಭದ್ರೆ, ನೇತ್ರಾವತಿ ಮೂರೂ ಇದೇ ಬೆಟ್ಟಸಾಲಿನಲ್ಲಿ ಹುಟ್ಟುತ್ತವೆ. ಗಣಿಯ ಗುತ್ತಿಗೆ 1999ರಲ್ಲಿ ಮುಗಿದಿತ್ತು. ಪರಿಸರದವರು ನ್ಯಾಯಾಲಯಕ್ಕೆ ಹೋದರು. 2002ರಲ್ಲಿ ಸುಪ್ರೀಂ ಕೋರ್ಟ್ 2005ರ ಕೊನೆಯವರೆಗೆ ಮಾತ್ರ ಅವಕಾಶ ಕೊಟ್ಟಿತು. ಡಿಸೆಂಬರ್ 31ಕ್ಕೆ ಕೆಲಸ ನಿಂತಿತು. ಅಂದು ಏನು ಮಾಡಿದಿರಿ ಎಂದು ಕೇಳಿದೆ. ಸ್ಪ್ಯಾನರ್ ಪೆಟ್ಟಿಗೆಯನ್ನು ಸ್ಟೋರಿಗೆ ಒಪ್ಪಿಸಿ ರಸೀದಿ ತೆಗೆದುಕೊಂಡರಂತೆ. ಒಂದು ಕಡಿಮೆ ಇದೆ ಎಂದು ಸ್ಟೋರಿನವನು ತಕರಾರು ತೆಗೆದನಂತೆ.

ಹಿಂದಿರುಗುವಾಗ ಕಳಸದ ಹೋಟೆಲಿನಲ್ಲಿ ನನ್ನ ಅಭಿಪ್ರಾಯ ಹೇಳಿಯೇಬಿಟ್ಟೆ: ಕೋರ್ಟ್ ಮಾಡಿದ್ದು ಸರಿ, ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಕಡೆ ಗುಡ್ಡ ಕೊರೆದರೆ ಮಣ್ಣು ಭದ್ರೆಗೆ ಇಳಿಯದೆ ಎಲ್ಲಿಗೆ ಹೋಗುತ್ತದೆ? ಮಾವ ವಿರೋಧಿಸಲಿಲ್ಲ. ಮಳೆಗಾಲದಲ್ಲಿ ಹೊಳೆಯ ಬಣ್ಣ ಅವರೂ ನೋಡಿದವರು. ಕಾಫಿ ಮುಗಿಸಿ, "ಹಾಗಾದರೆ ಬೆಳಿಗ್ಗೆ ದೋಣಿಗಾಲಿನಲ್ಲಿ ಹೋಯಿತಲ್ಲ, ಆ ಅದಿರು ಯಾವ ಗುಡ್ಡದ್ದು?" ಎಂದರು.

ಸಂಡೂರಿನ ಕಡೆಯದಿರಬೇಕು ಎಂದೆ.

"ಅಲ್ಲಿ ಕಾಡಿಲ್ಲವೇ?"

ಬಳ್ಳಾರಿಯಲ್ಲಿಯೂ ಸುಪ್ರೀಂ ಕೋರ್ಟ್ 2011ರಲ್ಲಿ ಗಣಿಗಾರಿಕೆ ತಡೆದದ್ದನ್ನು ನೆನಪಿಸಿದೆ. ಆಮೇಲೆ ಮಿತಿ ಹಾಕಿ ಮತ್ತೆ ತೆರೆದದ್ದನ್ನು ಅವರು ನೆನಪಿಸಿದರು. ಮಿತಿ ಹಾಕಿ ಇಲ್ಲಿಯೂ ನಡೆಸಬಹುದಿತ್ತು ಎನ್ನುವುದು ಅವರ ವಾದ. ರಾಷ್ಟ್ರೀಯ ಉದ್ಯಾನದ ನಡುವೆ ಎಂಥ ಮಿತಿ ಎನ್ನುವುದು ನನ್ನದು. ಕಾರು ಮೂಡಿಗೆರೆ ದಾಟಿದರೂ ಇಬ್ಬರೂ ಪಟ್ಟು ಬಿಟ್ಟಿರಲಿಲ್ಲ.